ಐನೂರು ಕಿಲೋಮೀಟರ್ ಆದ ಮೇಲೆ ಬನ್ನಿ

ಹಳೆಯ ಗಾಡಿಗಳನ್ನು ಮಾರುವ ಅಂಗಳದಲ್ಲಿ ಮೆಕ್ಯಾನಿಕ್ ಮೊದಲು ಕಂಡದ್ದು ಅವಳ ಶೂಗಳನ್ನು. ಚಿಕ್ಕದೊಂದು ಫೋರ್ ವೀಲ್ ಡ್ರೈವ್ ಜೀಪಿನ ಅಡಿಯಿಂದ ಅವು ಹೊರಗೆ ಚಾಚಿದ್ದವು. ಒಳಗಿನಿಂದ ಕೆರೆಯುವ ಸದ್ದು ಬರುತ್ತಿತ್ತು. ಕೊಳ್ಳುವವರ ಪರವಾಗಿ ಗಾಡಿ ನೋಡಲು ಬಂದಿದ್ದ ಅವನಿಗೆ, ಮಾರುವವನ ಆಳು ತುಕ್ಕು ಮುಚ್ಚುತ್ತಿದ್ದಾನೆ ಅನ್ನಿಸಿತು.

"ಚಾಸಿಗೆ ಪೌಡರ್ ಹಚ್ಚಿದ್ದಾಯ್ತಾ?"

"ಹಚ್ತಿಲ್ಲ, ಕೆರೀತಿದೀನಿ," ಎಂದಿತು ಹೆಣ್ಣುದನಿ. ಮೂಗಿನ ಮೇಲೆ ಮಣ್ಣು, ಕೈಯಲ್ಲಿ ಮನೆಯ ಬೀಗದ ಕೈ, ಅವಳು ಹೊರಬಂದಳು. "ಕೊಳ್ಳೋಳು ನಾನೇ. ನಮ್ಮ ಸೋದರಮಾವ ಕಳಿಸಿದ ಮೆಕ್ಯಾನಿಕ್ ಸಾಹೇಬ್ರು ನೀವೇ ಅಲ್ವಾ? ಅರ್ಧ ಗಂಟೆ ತಡ."

ಅವನು ಅಡಿಗೆ ನುಸುಳಿದ. ಅವಳು ಕೆರೆದಿದ್ದ ಮೂರು ಕಡೆಯೂ ತುಕ್ಕು ಮೇಲ್ಮೇಲೆಯೇ ಇತ್ತು. ಅವಳಿಗೆ ಕಾಣದ ನಾಲ್ಕನೆಯದೊಂದನ್ನು ಹುಡುಕಲೇಬೇಕೆಂದು ಹತ್ತು ನಿಮಿಷ ಹೆಣಗಿದ. ಸಿಗಲಿಲ್ಲ.

ಅವಳು ಸರ್ವೇಯರ್. ಮುಂದಿನ ಒಂದನೇ ತಾರೀಕು ಬೆಟ್ಟದ ಮೇಲಿನ ಅಳತೆ ಕ್ಯಾಂಪಿಗೆ ಹಾಜರಾಗಬೇಕು, ಎರಡು ವರ್ಷದ ಕೆಲಸ. ಕ್ಯಾಂಪಿಗೆ ಹದಿನೆಂಟು ಕಿಲೋಮೀಟರ್ ಇರುವಾಗಲೇ ಟಾರು ರಸ್ತೆ ಮುಗಿಯುತ್ತದೆ. ಅದಕ್ಕೇ ಈ ಗಾಡಿ.

ಕೊಂಡ ಗಾಡಿ ಬೆಟ್ಟಕ್ಕೆ ಸಜ್ಜಾಗಲು ಅವನ ಗ್ಯಾರೇಜಿನಲ್ಲಿ ಹನ್ನೆರಡು ದಿನ ನಿಂತಿತು. ಅವಳು ಹನ್ನೆರಡು ದಿನವೂ ಬಂದಳು. ಕೂತಲ್ಲಿ ಕೂರುವವಳಲ್ಲ, ನಟ್ಟಿನ ಡಬ್ಬಿಗಳನ್ನು ಅಳತೆಯ ಪ್ರಕಾರ ಜೋಡಿಸುವಳು, ಮತ್ತೆ ಕೆದರುವಳು.

"ಕೆಸರಲ್ಲಿ ಹೂತ್ರೆ ಎಳ್ಕೊಳ್ಳೋಕೆ ಮುಂದೆ ಒಂದು ವಿಂಚ್ ಹಾಕೋಣ್ವಾ?"

"ಬೇಡ. ಮೂತಿ ಭಾರ ಆಗುತ್ತೆ."

"ಮೇಲೆ ಆರು ಲೈಟು?"

"ಯಾರ ಮದುವೆಗೆ?"

ಅವಳು ತಲೆ ತಗ್ಗಿಸಿ ನಕ್ಕಳು. ನಗುವಾಗ ಎಡಗಣ್ಣು ಸ್ವಲ್ಪ ಹೆಚ್ಚು ಕಿರಿದಾಗುವುದನ್ನು ಅವನು ಗಮನಿಸಿದ; ಗಮನಿಸಿದ್ದನ್ನು ಅವಳೂ ಗಮನಿಸಿದಳು.

ಬೇಡದ ಕೆಲಸಕ್ಕೆ ಕೈ ಹಾಕುವವನಲ್ಲ ಎಂದು ಅವನಿಗೆ ಹೆಸರಿತ್ತು. ಗಾಡಿ ಎರಡು ಇಂಚು ಎತ್ತರವಾಗಲು ಹೊಸ ಸ್ಪ್ರಿಂಗು, ಒಂದು ಸೈಜು ದೊಡ್ಡ ಟೈರು, ಅಡಿಭಾಗಕ್ಕೊಂದು ಉಕ್ಕಿನ ತಗಡು. ಅಷ್ಟೇ.

"ಹನ್ನೆರಡು ದಿನದಿಂದ ದಿನಾ ಗಡ್ಡ ಬೋಳಿಸ್ತಿದೀಯ," ಎಂದಳು ಗ್ಯಾರೇಜಿನ ಆಫೀಸು ನೋಡಿಕೊಳ್ಳುವ ಅಕ್ಕ. "ಅದೂ ಗಾಡಿ ಕೆಲಸವೇನೋ? ಹೇಳೋದನ್ನ ಹೇಳ್ಬಿಡು. ಬಾಯಿಗೇನು ತುಕ್ಕು ಹಿಡಿದಿದೆಯಾ?"

ಗುರುವಾರ ಸಂಜೆ ಅವಳ ಕೈಗೆ ಕೀಲಿ ಕೊಡುವಾಗ ಅವನು ಹೇಳಬೇಕೆಂದಿದ್ದ. ಬಾಯಿಂದ ಬಂದದ್ದು ಬೇರೆ. "ಸ್ಪ್ರಿಂಗು ಕೂತ್ಕೊಂಡ ಮೇಲೆ ನಟ್ಟು ಸಡಿಲ ಆಗುತ್ತೆ. ಟ್ರಿಪ್ ಮೀಟರು ಸೊನ್ನೆ ಮಾಡಿದೀನಿ. ಐನೂರು ಕಿಲೋಮೀಟರ್ ಆದ್ಮೇಲೆ ಬನ್ನಿ, ಬಿಗಿ ಮಾಡ್ಬೇಕು."

ಅವಳು ಹೋದ ಮೇಲೆ ಲೆಕ್ಕ ಹೊಳೆಯಿತು. ಸೋಮವಾರ ಹೊರಡುತ್ತಾಳೆ. ಕ್ಯಾಂಪು ನಾನೂರ ತೊಂಬತ್ತು ಕಿಲೋಮೀಟರ್. ಐನೂರಾಗುವುದು ಅಲ್ಲಿ, ಬೇರೆ ಯಾರದೋ ಸ್ಪ್ಯಾನರಿನ ಕೆಳಗೆ. ಇನ್ನೂರು ಎಂದಿದ್ದರೆ ಏನಾಗುತ್ತಿತ್ತು? ಸುಳ್ಳಾಗುತ್ತಿತ್ತು.

ಶುಕ್ರವಾರ, ಶನಿವಾರ ಕೆಲಸಕ್ಕೆ ಮೈ ಬಗ್ಗಲಿಲ್ಲ. ಬೀದಿಯಲ್ಲಿ ಎಂಜಿನ್ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಬಂದ. "ಒಂದು ಕುರ್ಚಿ ಅಲ್ಲೇ ಹಾಕ್ಲಾ?" ಎಂದಳು ಅಕ್ಕ.

ಭಾನುವಾರ ಮಧ್ಯಾಹ್ನ ಹಾರ್ನ್ ಕೇಳಿಸಿತು. ಕಿಟಕಿಯವರೆಗೂ ಕೆಸರು ಮೆತ್ತಿದ ಗಾಡಿ, ಕೆಂಪಾದ ಕಣ್ಣುಗಳ ಅವಳು.

ಅವನು ಬಗ್ಗಿ ಮೀಟರು ನೋಡಿದ. "ನಾನೂರ ಎಪ್ಪತ್ತೈದು. ಇನ್ನೂ ಇಪ್ಪತ್ತೈದು ಬಾಕಿ," ಎಂದ, ಪೆದ್ದನ ಹಾಗೆ.

"ಟೈರು ದೊಡ್ಡದು ಮಾಡಿದ್ದು ಯಾರು? ಈಗ ಮೀಟರು ನೂರಕ್ಕೆ ಐದು ಕಡಿಮೆ ತೋರಿಸುತ್ತೆ. ಸರ್ವೇಯರಿಗೆ ಅಳತೆ ಕಲಿಸ್ಬೇಡಿ. ಐನೂರಾಗಿದೆ."

"ಎಲ್ಲಿಗೆ ಹೋಗಿದ್ರಿ?"

"ಎಲ್ಲಿಗೂ ಇಲ್ಲ." ಅವಳು ಸೈಡ್ ಮಿರರಿನ ಕೆಸರನ್ನು ಬೆರಳಿಂದ ಒರೆಸಿದಳು. "ಕಲ್ಲುಕ್ವಾರಿ ಹಿಂದಿನ ದಾರಿ. ಒಂದು ಸುತ್ತಿಗೆ ಹನ್ನೆರಡು. ನಲವತ್ತೊಂದು ಸುತ್ತು. ಮಿಕ್ಕಿದ್ದು ಮನೆಯಿಂದ ಇಲ್ಲಿಗೆ."

ಹದಿನಾರು ನಟ್ಟುಗಳು. ಒಂದೊಂದೂ ಕಾಲು ಸುತ್ತು ತಿರುಗಿ ಬಿಗಿಯಾದವು. ಇಪ್ಪತ್ತು ನಿಮಿಷದ ಕೆಲಸಕ್ಕೆ ಅವನು ನಲವತ್ತು ತೆಗೆದುಕೊಂಡ.

"ಇನ್ನೊಂದ್ಸಲ ಯಾವಾಗ?" ಅವಳು ಕೇಳಿದಳು.

ಸಾವಿರಕ್ಕೆ ಎನ್ನಬಹುದಿತ್ತು. "ಇನ್ನು ಬೇಕಾಗಲ್ಲ," ಎಂದ.

ಅವಳ ಮುಖ ಇಳಿಯಿತು. ಹತ್ತಿ ಕೂತು ಕೀಲಿ ತಿರುಗಿಸಿದಳು. ಗಾಡಿ ಒಂದು ಗೇಣು ಸರಿದಾಗ ಅವನು ಬಾಗಿಲ ಮೇಲೆ ಕೈಯಿಟ್ಟ.

"ಗಾಡಿಗೆ ಬೇಕಾಗಲ್ಲ ಅಂದೆ. ಸಾವಿರ ಆದ್ಮೇಲೆ ನಾನೇ ಅಲ್ಲಿಗೆ ಬರ್ತೀನಿ. ಬಿಗಿ ಮಾಡೋಕೆ ಏನೂ ಇರಲ್ಲ. ಆದ್ರೂ ಬರ್ತೀನಿ. ನಿಮ್ಮನ್ನ ನೋಡೋಕೆ."

ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಅವಳು ಅದನ್ನು ಆರಿಸಿದಳು.

"ಕೊನೇ ಹದಿನೆಂಟು ಕಿಲೋಮೀಟರಿಗೆ ಬಸ್ಸಿಲ್ಲ."

"ನಡೀತೀನಿ."

"ಬೇಡದ ಕೆಲಸ." ಎಡಗಣ್ಣು ಕಿರಿದಾಯಿತು. "ಟಾರು ಮುಗಿಯೋ ಕಡೆ ಗಾಡಿ ತಂದು ನಿಂತಿರ್ತೀನಿ. ಆದ್ರೆ ನೋಡಿ, ಅರ್ಧ ಗಂಟೆ ತಡ ಮಾಡ್ಬೇಡಿ."