ಹೊಳೆಯಾಚೆ ಕಮಾಕ

ಅದೇ ಧ್ವನಿ!

ನೋಹೇಯಾಳ ಕೈಯಲ್ಲಿದ್ದ ಕೆಸುವಿನ ಗಡ್ಡೆ ಕೆಸರಿಗೆ ಬಿತ್ತು. ಹೊಳೆಯಾಚೆ, ಕಣಿವೆಯ ಬಾಗಿಲ ಬಂಡೆಯ ಬಳಿ ನಿಂತು ಯಾರೋ ಒಳಗೆ ಬರಲು ಅಪ್ಪಣೆ ಕೇಳಿ ಹಾಡುತ್ತಿದ್ದರು. ಯಾರೋ ಏನು ಬಂತು... ಕಮಾಕ! ಎರಡು ವರ್ಷದ ಹಿಂದೆ ಅದೇ ಬಂಡೆಯ ಬಳಿಯಿಂದ ಬೆನ್ನು ತಿರುಗಿಸಿ ಹೋದವನು.

ಎದೆ ಹೊಡೆದುಕೊಳ್ಳಬೇಕಿತ್ತು. ಅವಳಿಗೆ ಏನೂ ಅನಿಸಲಿಲ್ಲ. ಎರಡು ವರ್ಷದಿಂದ ಹಾಗೇ ಬಿಡಿ... ಉಂಡರೆ ಹೊಟ್ಟೆ ತುಂಬುತ್ತಿತ್ತು, ಅಷ್ಟೇ.

"ಉತ್ತರ ಕೊಡೇ!" ಲೆಹುವಾ ಆಂಟಿ ಬದುವಿನ ಮೇಲಿಂದ ಕೂಗಿದಳು. "ಹಿರಿಯರ ಕಟ್ಟೆ ಗೋಡೆ ಕುಸಿದಿದೆ ಅಂತ ಹೇಳಿ ಕಳಿಸಿದ್ದು ನಾನೇ. ಅವನ ಹಾಗೆ ಕಲ್ಲು ಕೂರಿಸೋರು ಈ ದ್ವೀಪದಲ್ಲಿ ಇನ್ಯಾರಿದಾರೆ?"

"ನೀವೇ ಕೊಡಿ ಆಂಟಿ."

"ನಿಮ್ಮ ತಾತ ಕಣಿವೆ ಕಾಯೋ ಕೆಲಸ ಕೊಟ್ಟಿದ್ದು ನಿನಗೆ, ನನಗಲ್ಲ. ನೀನು ಸುಮ್ನಿದ್ರೆ ಅವನು ವಾಪಸ್ ಹೋಗ್ತಾನೆ, ನೋಡ್ಕೋ!"

ಅದು ನಿಜ. ಒಳಗಿನಿಂದ ಹಾಡು ಬಂದರೆ, ಬಾ ಎಂದು. ಬಾರದಿದ್ದರೆ ನೆಲವೇ ಬೇಡ ಎಂದಿತೆಂದು ತಿಳಿದು, ಬಂದವರು ತಿರುಗಿ ಹೋಗಬೇಕು. ಯಾಕೆ ಎಂದು ಆಮೇಲೂ ಕೇಳುವಂತಿಲ್ಲ.

'ಸುಮ್ಮನಿದ್ದುಬಿಡಲಾ...'

ಆದರೆ ಹಿರಿಯರಿಗೆ ಕೈಮುಗಿಯುವ ಕಟ್ಟೆ, ಅದರ ಬಿದ್ದ ಗೋಡೆ ಕಣ್ಣೆದುರಿಗಿತ್ತು. ಕೈ ತೊಳೆದುಕೊಂಡು ಹೋಗಿ ಕಟ್ಟೆಯ ಪಕ್ಕದಲ್ಲಿ ನಿಂತು ಹಾಡಿದಳು. ಬಾ, ಒಳಗೆ ಬಾ, ಉಂಡು ಹೋಗು ಎನ್ನುವ ಹಳೆಯ ಹಾಡು. ಸ್ವರ ಒಂದೂ ತಪ್ಪಲಿಲ್ಲ.

ಕಮಾಕ ಹೊಳೆ ದಾಟಿ ಬಂದ. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಕಾಣಿಕೆ. ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ, ಇಬ್ಬರೂ ಒಟ್ಟಿಗೆ ಉಸಿರೆಳೆದು ಬಂದವರನ್ನು ಬರಮಾಡಿಕೊಳ್ಳುವುದು ವಾಡಿಕೆ. ನೋಹೇಯಾ ಬರೀ ಕೈ ಚಾಚಿದಳು. ಎಂಥ ಹುಡುಗಿಯಪ್ಪ!

ಮೂರು ದಿನ ಗೋಡೆ ಕೆಲಸ ನಡೆಯಿತು. ಅವಳು ಕಲ್ಲು ಕೊಡುವುದು, ಅವನು ಕೂರಿಸುವುದು. ಮೂರನೆಯ ದಿನ ಮಧ್ಯಾಹ್ನ ಅವನೇ ಬಾಯಿಬಿಟ್ಟ.

"ಗೋಡೆಗೋಸ್ಕರವಾದ್ರೂ ಉತ್ತರ ಕೊಟ್ಟೆಯಲ್ಲ. ಅವತ್ತು ನನಗೋಸ್ಕರ ಕೊಡ್ಲಿಲ್ಲ."

"ಏನಂದೆ?"

"ಮದುವೆ ಕೇಳೋಕೆ ಬಂದಿದೀನಿ ಅಂತ ನಿಂಗೆ ಗೊತ್ತಿತ್ತು. ಮೂರು ಸಲ ಹಾಡಿದೆ ನೋಹೇಯಾ..."

"ಮೂರು ಸಲಾನೂ ಉತ್ತರ ಕೊಟ್ಟೆ! ನೀನೇ ಬೆನ್ನು ತಿರುಗಿಸಿ ಹೋದೆ. ಮನಸ್ಸು ಬದಲಾಯ್ತು ಅಂದ್ಕೊಂಡೆ..."

ಕಮಾಕ ಎತ್ತಿದ ಕಲ್ಲನ್ನು ಹಿಡಿದುಕೊಂಡೇ ನಿಂತ.

"ಅಯ್ಯೋ, ನಿಮ್ಮಿಬ್ಬರ ತಲೆ!" ಬದುವಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಆಂಟಿ ಹಣೆ ಚಚ್ಚಿಕೊಂಡಳು. "ಅವತ್ತು ಹೊಳೆ ಉಕ್ಕಿ ಹರೀತಿತ್ತಲ್ಲೋ! ಗಾಳಿ ಬೇರೆ ಸಮುದ್ರದ ಕಡೆಯಿಂದ. ನಿನ್ನ ಹಾಡು ಒಳಗೆ ಬಂತು, ಇವಳದ್ದು ನಿನಗೆಲ್ಲಿ ಮುಟ್ಟಬೇಕು? ನಾನೂ ಎರಡು ವರ್ಷ ನಿನ್ನನ್ನೇ ಬೈಕೊಂಡಿದೀನಿ!"

ಅಳಬೇಕಿತ್ತು. ನೋಹೇಯಾಳಿಗೆ ಅಳು ಬರಲಿಲ್ಲ.

"ಕಮಾಕ... ನನ್ನೊಳಗೆ ಏನೂ ಉಳಿದಿಲ್ಲ ಕಣೋ. ನೀನು ಮತ್ತೆ ಕೇಳಿದ್ರೂ ಸಂತೋಷ ಆಗುತ್ತೋ ಇಲ್ವೋ, ಗೊತ್ತಿಲ್ಲ."

"ಆಗ್ಲೇಬೇಕು ಅಂತ ಯಾರಂದ್ರು?"

ಕಲ್ಲನ್ನು ಅದರ ಜಾಗದಲ್ಲಿ ಕೂರಿಸಿ ಅವನು ಇಳಿದು ಹೋದ. ಹೊಳೆ ದಾಟಿ, ಬಂಡೆಯ ಬಳಿ ನಿಂತು, ಮತ್ತೆ ಅಪ್ಪಣೆ ಕೇಳಿ ಹಾಡಿದ.

ಕಾಯುವವರು ಕಟ್ಟೆಯ ಪಕ್ಕದಲ್ಲೇ ನಿಂತು ಉತ್ತರಿಸಬೇಕು. ತಾತನ ಕಾಲದಿಂದಲೂ ಅದೇ ನಿಯಮ. ನೋಹೇಯಾ ನಿಲ್ಲಲಿಲ್ಲ. ಕೆಸುವಿನ ಗದ್ದೆ ಹಾದು ಓಡಿದಳು, ಸೀದಾ ಹೊಳೆಗಿಳಿದಳು, ಸೊಂಟಮಟ್ಟ ನೀರಿನಲ್ಲಿ ನಿಂತು ಹಾಡಿದಳು. ಈ ಸಲ ಸ್ವರ ತಪ್ಪಿತು, ಎರಡು ಕಡೆ.

"ಕೇಳಿಸ್ತಾ?" ಎಂದು ಕೂಗಿದಳು.

"ಕೇಳಿಸ್ತು!"

ಅವನೂ ನೀರಿಗಿಳಿದು ಬಂದ. ಹಣೆಗೆ ಹಣೆ ತಾಗಿತು, ಮೂಗಿಗೆ ಮೂಗು. ಉಸಿರು ಎಳೆದುಕೊಂಡವಳು ಗಡಗಡ ನಡುಗಿಬಿಟ್ಟಳು.

"ನೀರು ಎಷ್ಟು ತಣ್ಣಗಿದೆಯೋ ಕಮಾಕ!"

"ಈಗ ಗೊತ್ತಾಯ್ತಾ?"

"ಹೂಂ... ಈಗ ಗೊತ್ತಾಯ್ತು."