ಕರಪತ್ರದಲ್ಲಿ ಪ್ರಿಯಾಂಕಾಳ ಮುಖ

೨೦೦೯ರ ಜೂನ್ ೮, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಬಿ.ಟಿ.ಎಂ. ಲೇಔಟಿನ ಠಾಣೆಗೆ ಬಂದ ಪ್ರಿಯಾಂಕಾ, ಇನ್‌ಸ್ಪೆಕ್ಟರ್ ಯಲ್ಲಯ್ಯನವರ ಮುಂದೆ ಒಂದು ಕರಪತ್ರ ಇಟ್ಟಳು. ಜಯನಗರದ ವಧೂವರರ ಕೇಂದ್ರವೊಂದರ ಜಾಹೀರಾತು. ಅದರಲ್ಲಿ ಅವಳ ಫೋಟೋ. ಕೆಳಗೆ: 'ಪಾರವ್ವ, ವಿಚ್ಛೇದಿತೆ. ಆರು ವರ್ಷ ಸಹಿಸಿ ಗಂಡನ ಮನೆ ಬಿಟ್ಟು ಬಂದವಳು. ಮರುಮದುವೆಗೆ ಸಿದ್ಧ.'

ಪ್ರಿಯಾಂಕಾಳಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಕರಪತ್ರ ಕಂಡ ಹುಡುಗನ ಕಡೆಯವರು ನಿಶ್ಚಿತಾರ್ಥ ಮುರಿದಿದ್ದರು.

"ಇಂಟರ್ನೆಟ್‌ನವ್ರ ಮಾರ್ಯಾರ್ರಿ ಸರ್. ನಾವು ಗೆಳ್ಯಾರಿಗಂತ ಹಾಕಿದ ಫೋಟೋ ಜಾಹೀರಾತಿಗೆ ಕೊಡ್ತಾರಂತ ಆಫೀಸಿನ್ಯಾಗ ಎಲ್ಲಾರಿಗೂ ಮೇಲ್ ಬಂದೈತ್ರಿ."

ಆ ಸುದ್ದಿ ಯಲ್ಲಯ್ಯನವರ ಕಿವಿಗೂ ಬಿದ್ದಿತ್ತು. ಎಫ್‌ಐಆರ್ ದಾಖಲಿಸಿ, ಪಕ್ಕದ ಸೈಬರ್ ಸೆಂಟರಿನಲ್ಲಿ ಇಂಟರ್ನೆಟ್ಟಿನಲ್ಲಿದ್ದ ಅವಳ ಪುಟ ತೆರೆಸಿದರು. ಅಲ್ಲಿದ್ದದ್ದು ಅದೇ ಫೋಟೋ, ಆದರೆ ಬರೀ ಮುಖ. ಕರಪತ್ರದಲ್ಲಿ ಸೊಂಟದವರೆಗೂ ಇತ್ತು.

"ಪೂರ್ತಿ ಫೋಟೋ ಎಲ್ಲಿದೆಯಮ್ಮ?"

"ರೂಮಿನ ಗ್ವಾಡಿ ಮ್ಯಾಲೆ."

"ರೂಮಲ್ಲಿ ಇನ್ಯಾರಿದಾರೆ?"

"ಜಯಶೀಲಕ್ಕ ಒಬ್ರ. ಸ್ವಂತ ಅಕ್ಕ ಇದ್ದಂಗ್ರಿ ಸರ್. ಇದು ಇಂಟರ್ನೆಟ್‌ನವ್ರದ ಕೆಲಸ ಅಂತ ಅವರೂ ಅಂದ್ರು."

ಯಲ್ಲಯ್ಯ ಮಧ್ಯಾಹ್ನ ವಧೂವರರ ಕೇಂದ್ರಕ್ಕೆ ಹೋದರು. ಮಾಲೀಕ ಸೇತುರಾಮ ಪಾರವ್ವನ ಹೆಸರಿನ ಅರ್ಜಿ ತೋರಿಸಿದ. ವಿಳಾಸ ಇರಲಿಲ್ಲ.

"ಪ್ರತಿ ಶನಿವಾರ ಅವರೇ ಬಂದು, ಗಂಡಿನ ಕಡೆಯವರು ಬರ್ದಿರೋ ಕಾಗದ ತಗೊಂಡು ಹೋಗ್ತಾರೆ ಸಾರ್."

"ಫೋಟೋದಲ್ಲಿರೋ ಹುಡುಗೀನಾ?"

"ಇಲ್ಲ ಸಾರ್. ಅಕ್ಕ ಅಂತ ಹೇಳ್ಕೊಂಡು ಬರ್ತಾರೆ."

ಜೂನ್ ೧೩ರ ಶನಿವಾರ ಕಾನ್‌ಸ್ಟೇಬಲ್ ಬಸಪ್ಪ ಮಫ್ತಿಯಲ್ಲಿ ಕೇಂದ್ರದ ಬೆಂಚಿನ ಮೇಲೆ ಕೂತ. ಹನ್ನೊಂದೂ ಹತ್ತಕ್ಕೆ ಜಯಶೀಲಾ ಬಂದಳು. 'ಪಾರವ್ವನ ಪರವಾಗಿ' ಎಂದು ರುಜು ಹಾಕಿ ಎರಡು ಲಕೋಟೆ ತೆಗೆದುಕೊಂಡಳು. ಬಸಪ್ಪ ಎದ್ದು ನಿಂತ. ಅವಳು ಓಡಲಿಲ್ಲ. ರೂಮಿಗೆ ಹೋಗಿ ಹುಡುಕಿದಾಗ ಅವಳ ಪೆಟ್ಟಿಗೆಯಲ್ಲಿ ಇನ್ನೂ ಹದಿನೇಳು ಕಾಗದ ಸಿಕ್ಕವು. ಪಂಚನಾಮೆ ಮುಗಿಸಿ, ದಸ್ತಗಿರಿ ಮಾಡಿ, ಠಾಣೆಗೆ ಕರೆತಂದರು.

"ಆ ಹುಡುಗಿ ಮೇಲೆ ಏನ್ ಕೋಪ ನಿಮಗೆ?"

"ಏನೂ ಇಲ್ಲ ಸಾರ್. ಎರಡು ವರ್ಷ ನನ್ನ ಫೋಟೋನೇ ಬೇರೆ ಕಡೆ ಕೊಟ್ಟು ನೋಡ್ದೆ. ಒಂದು ಕಾಗದಾನೂ ಬರ್ಲಿಲ್ಲ. ಅದಕ್ಕೇ ಅವಳ್ದು ಕೊಟ್ಟೆ. ಕೇಂದ್ರದ ಫೈಲಲ್ಲೇ ಇರತ್ತೆ ಅನ್ಕೊಂಡಿದ್ದೆ. ಹೀಗೆ ಪ್ರಿಂಟ್ ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ."

"ಆಮೇಲಾದ್ರೂ ಹೇಳ್ಬಹುದಿತ್ತಲ್ಲ?"

"ಇಂಟರ್ನೆಟ್‌ನವ್ರು ಮಾರಿದ್ದು ಅಂತ ಅವಳೇ ಅಂದ್ಲು. ಹೌದು ಅಂದ್ಬಿಟ್ಟೆ."

ಯಲ್ಲಯ್ಯ ಹುಡುಗನ ಮನೆಗೆ ತಾವೇ ಫೋನ್ ಮಾಡಿ ನಡೆದದ್ದನ್ನು ತಿಳಿಸಿದರು. ಬೇರೆ ಕಡೆ ಮಾತಾಗಿದೆ ಎಂದು ಅವರು ಇಟ್ಟುಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ಪ್ರಿಯಾಂಕಾ ಕೇಳಿದಳು, "ಅಕ್ಕಾ, ನನಗೊಂದ್ ಮಾತ್ ಹೇಳಬಾರ್ದಿತ್ತೇನ್ರಿ?"

ಬಸಪ್ಪ ಕಾಗದಗಳನ್ನು ಕಟ್ಟಿ ಅರಗಿನ ಮುದ್ರೆ ಒತ್ತುವಾಗ ಜಯಶೀಲಾ ಯಲ್ಲಯ್ಯನವರ ಕಡೆ ತಿರುಗಿದಳು.

"ಅದ್ರಲ್ಲಿ ಒಬ್ರು, ನೀವು ಪಟ್ಟ ಕಷ್ಟ ಓದಿ ಬೇಜಾರಾಯ್ತು ಅಂತ ಬರ್ದಿದಾರೆ ಸಾರ್. ಮುಖ ಅವಳ್ದು. ಆ ಆರು ವರ್ಷದ ಕಷ್ಟ ನಂದೇ."