ರುಕ್ಮವ್ವ ಕೊಡದ ಚಾವಿ

“ಮಷೀನ್ ಒಯ್ಯೋ ತಮ್ಮಾ. ಚಾವಿ ಮಾತ್ರ ಕೇಳಬ್ಯಾಡ,” ಎಂದಳು ರುಕ್ಮವ್ವ.

ಪ್ರಭುಲಿಂಗ ನಕ್ಕುಬಿಟ್ಟ. ಗಲಗಲಿಯ ಹೊಳೆದಂಡೆಯ ಆ ಮನೆಗೆ ಅವನು ಬಂದದ್ದು ಹಳೆಯ ಲೇಥ್ ಮಷೀನ್ ಕೊಳ್ಳಲು. ಹಿನ್ನೀರಿನಲ್ಲಿ ಮುಳುಗುವ ಮನೆಗಳ ಪಟ್ಟಿಯಲ್ಲಿ ಮುದುಕಿಯ ಮನೆಯೂ ಸೇರಿತ್ತು; ಅವಳು ಸಾಮಾನು ಖಾಲಿ ಮಾಡುತ್ತಿದ್ದಳು. ಅವಳ ಗಂಡ ಗಿರಮಲ್ಲಪ್ಪ ನಲವತ್ತು ವರ್ಷ ದುಡಿದ, ಅರ್ಧ ಕಿರುಬೆರಳು ಕಳೆದುಕೊಂಡ ಮಷೀನು ಅದು. ಅವನು ಸತ್ತು ಮೂರು ವರ್ಷವಾಗಿದ್ದರೂ ಅದು ಪಡಸಾಲೆಯಲ್ಲಿ ಗೋಣಿಚೀಲ ಹೊದ್ದು ಕೂತಿತ್ತು. ಕಬ್ಬಿಣದ ತುಂಡನ್ನು ಕಚ್ಚಿ ಹಿಡಿದು ಗರಗರ ತಿರುಗಿಸುವ ಅದರ ಚಕ್ಕನ್ನು ಬಿಗಿಯುವ, ಬಿಚ್ಚುವ ಚಾವಿ ಮುದುಕಿಯ ಮಡಿಲಲ್ಲಿತ್ತು. ಹಿಡಿಕೆಗೆ ಕರಿದಾರ ಸುತ್ತಿತ್ತು.

“ಚಕ್ ಕೊಟ್ಟು ಚಾವಿ ಇಟ್ಕೊಂಡ್ರ ಹೆಂಗ್ರೀ ಅವ್ವಾ?”

“ಎತ್ತು ಮಾರಿದಾಗ ನಾವು ಹಗ್ಗ ಕೊಡ್ತೀವೇನು? ಹಗ್ಗ ಬಿಚ್ಚಿ ಮನ್ಯಾಗ ಇಟ್ಕೋತೀವಿ. ಇದೂ ಹಂಗ. ಚಾವಿ ಇಲ್ಲಿದ್ರ ಅಂವ ಇಲ್ಲೇ ಇರ್ತಾನ.”

“ಯಾರು?”

ಮುದುಕಿ ದನಿ ಇಳಿಸಿದಳು. “ನನ್ನ ಗಂಡ. ಭಾಳ ಹೊಟ್ಟಿಕಿಚ್ಚಿನ ಮನಶಾ. ಮಂದಿ ಕೆಲಸ ನೋಡಿ ಲೊಚ್ ಅಂತ ನಾಲಿಗಿ ಬಡೀತಿದ್ದ. ತನಗಿಂತ ಛಲೋ ಕೈ ಈ ಮಷೀನಿಗೆ ಬಿದ್ರ ಆ ಕೈ ಉಳೀಬಾರದು ಅಂತ ಹೊಳಿ ಆಚಿಂದ ಮಂತ್ರವಾದಿನ್ನ ಕರಸಿದ. ತನ್ನ ಉಗುರು, ತನ್ನ ರಗತ ಕೊಟ್ಟು ಈ ಚಾವಿಗೆ ಮಾಟ ಕಟ್ಟಿಸಿದ. ವರ್ಷ ತುಂಬೂದ್ರಾಗ ಖಾಸಾ ತಮ್ಮನ ಕೈ ಹೋತು.”

“ಹಂಗಾದ್ರ ನನಗ ಹೆದರಿಕಿಲ್ಲ ಬಿಡ್ರಿ. ನನ್ನ ಕೈ ಛಲೋ ಐತಿ ಅಂತ ಇನ್ನೂ ಯಾರೂ ಅಂದಿಲ್ಲ.”

ತಮಾಷೆಗೆ ಅಂದ ಮಾತು. ಆದರೆ ಮಾತು ನಿಜವಾಗಿತ್ತು.

ಇಚಲಕರಂಜಿಯಲ್ಲಿ ಕೆಲಸ ಕಲಿತು, ಹೆಂಡತಿ ನಂದಾಳ ಊರಾದ ಬನಹಟ್ಟಿಗೆ ಬಂದು ಅವನು ಎರಡು ವರ್ಷ ಯಮನಪ್ಪನ ಅಂಗಡಿಯಲ್ಲಿ ದುಡಿದಿದ್ದ. ಪವರ್‌ಲೂಮಿನ ಯಾವ ಸಾಮಾನೇ ಬರಲಿ, ಬೆಳಿಗ್ಗೆಯಿಂದ ಕೆತ್ತುವವನು ಪ್ರಭುಲಿಂಗ. ಕೊನೆಗೆ ಯಮನಪ್ಪ ಎದ್ದು ಬಂದು, “ಸರಿ ತಮ್ಮಾ,” ಎಂದು ಹೆರೆಯುವ ಟೂಲಿನಿಂದ ಒಂದೇ ಒಂದು ಕಟ್ ಹಾಕಿ ಇಳಿಸುತ್ತಿದ್ದ. ಮಗ್ಗದವರು ಅದನ್ನು ಬೆರಳಲ್ಲಿ ಸವರಿ, “ಯಮನಪ್ಪಣ್ಣನ ಕೈ ಅಂದ್ರ ಕೈ!” ಎನ್ನುತ್ತಿದ್ದರು. ಮನೆಗೆ ಬಂದರೆ ನಂದಾಳ ಬಾಯಲ್ಲೂ ಅದೇ ಹೆಸರು. ತಾನು ಮಾಡಿದ್ದೆಷ್ಟು, ಅವನು ತಿದ್ದಿದ್ದೆಷ್ಟು? ಈ ಲೆಕ್ಕ ಹತ್ತದೆ ಪ್ರಭುಲಿಂಗನಿಗೆ ಅನ್ನ ಸೇರುತ್ತಿರಲಿಲ್ಲ. ಅದು ಹೊಟ್ಟೆಕಿಚ್ಚೆಂಬುದನ್ನು ಅವನೇನೂ ತನ್ನಿಂದ ಮುಚ್ಚಿಟ್ಟುಕೊಂಡಿರಲಿಲ್ಲ. ಯಮನಪ್ಪನ ಕೈಗಳನ್ನು ಕಂಡರೆ ಅವನ ಮೈ ಉರಿಯುತ್ತಿತ್ತು, ಅಷ್ಟೆ. ಸ್ವಂತ ಮಷೀನ್ ಹಾಕಿ ಒಂದು ಸಲ ಖರೆ ತಿಳಿದುಕೊಳ್ಳಬೇಕು ಎಂದೇ ಅವನು ಕೆಲಸ ಬಿಟ್ಟಿದ್ದ.

ಆಳುಗಳು ಮಷೀನನ್ನು ಟೆಂಪೊಗೆ ಏರಿಸುವ ಮುಂಚೆ ರುಕ್ಮವ್ವ ಚಕ್ಕಿಗೆ ಅರಿಷಿಣ ಕುಂಕುಮ ಹಚ್ಚಿದಳು. ಮಗಳನ್ನು ಕಳಿಸುವವಳ ಹಾಗೆ ಕಣ್ಣೊರೆಸಿಕೊಂಡು, ತೆಂಗಿನಕಾಯಿ ತರಲು ಒಳಗೆ ಹೋದಳು. ಅವಳು ಇಟ್ಟುಹೋದ ಚಾವಿ ಗೋಡೆಯ ಗೂಡಿನಲ್ಲಿತ್ತು. ಪ್ರಭುಲಿಂಗ ಸುಮ್ಮನೆ ಮುಟ್ಟಿ ನೋಡಿದ. ದಾರದ ಅಡಿಯಲ್ಲಿ ನಲವತ್ತು ವರ್ಷದ ಅಂಗೈ ಸವೆಸಿದ ನುಣುಪು. ಆ ಅಂಗೈ ತನಗೆ ಬೇಕು ಅನ್ನಿಸಿತು. ಜೇಬಿಗಿಳಿಸಿದ.

ಬನಹಟ್ಟಿಯ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಕಾಲಕ್ಕೆ ಅವನ ಮಾವನ ಕೈಮಗ್ಗವಿತ್ತು. ಮಗ್ಗದ ಕುಣಿಗೆ ಕಾಂಕ್ರೀಟ್ ತುಂಬಿಸಿ, ಅದರ ಮೇಲೆ ಮಷೀನ್ ನಿಲ್ಲಿಸಿದ್ದಾಯಿತು. ಕೋಣೆಗೆ ಕಿಟಕಿಯಿಲ್ಲ, ಬಾಗಿಲು ಹಾಕಿದರೆ ಹಾಡಹಗಲೇ ಗವ್ ಎನ್ನುವ ಕತ್ತಲೆ. ನಾಲ್ಕು ದಿನ ಸೀಮೆಎಣ್ಣೆ, ನೂಲಿನ ಚಿಂದಿ, ಕಬ್ಬಿಣದ ಬ್ರಷ್ಷು. ತುಕ್ಕು ಕೆಂಪು ಕೆಸರಾಗಿ ಇಳಿಯಿತು. ಆದರೆ ಎಷ್ಟು ತೊಳೆದರೂ ಹಳೆಯ ಎಣ್ಣೆಯ ಅಡಿಯಿಂದ ಇನ್ನೊಂದು ವಾಸನೆ ಏಳುತ್ತಿತ್ತು. ಸುಟ್ಟ ಕೂದಲಿನದು.

ಚಾವಿಯ ಕರಿದಾರ ಬಿಚ್ಚಿದಾಗ ನಂದಾ ಬಾಗಿಲಲ್ಲಿ ನಿಂತಿದ್ದಳು. ಸುತ್ತಿನ ಒಳಗಿಂದ ಹಳದಿ ಬಣ್ಣದ ಐದು ಉಗುರಿನ ಚೂರು ಉದುರಿದವು.

“ಯವ್ವಾ! ಏನ್ರೀ ಇದು?”

“ಮುದುಕನ ಹೊಲಸು.” ದಾರವನ್ನೂ ಉಗುರನ್ನೂ ಗಟಾರಕ್ಕೆ ಎಸೆದ.

ಮರುದಿನ ಬೆಳಿಗ್ಗೆ ಚಾವಿಗೆ ಕರಿದಾರ ಸುತ್ತಿತ್ತು. ಒದ್ದೆಯಾಗಿ, ಬಿಗಿಯಾಗಿ. ಹೆಂಡತಿ ಹೆದರಿ ತಂದು ಸುತ್ತಿದ್ದಾಳೆಂದು ಅವನು ಬೈದ. ಅವಳು ಅದನ್ನು ಮುಟ್ಟಿರಲೇ ಇಲ್ಲ.

ಲೆವೆಲ್ ಇಟ್ಟು, ಮೂಲೆಮೂಲೆಗೆ ತಗಡಿನ ತುಂಡು ಕೊಟ್ಟು ಮಟ್ಟ ಮಾಡಿ ಮಷೀನ್ ಚಾಲೂ ಮಾಡಿದ. ಮಗ್ಗದ ದಂಡಕ್ಕೆ ಹಾಕುವ ಬಳೆಯಂಥ ಮೊದಲ ಬುಷ್ ಕೆತ್ತಿ, ಇಳಿಸಿ, ಬೆಳಕಿಗೆ ಹಿಡಿದು ನೋಡಿದ. ಕನ್ನಡಿಯಂತೆ ಹೊಳೆಯಿತು. ಹಿಂದಿನಿಂದ ಸದ್ದು.

ಲೊಚ್.

ಹಲ್ಲಿ ಇರಬೇಕೆಂದುಕೊಂಡ. ಎರಡನೆಯ ಬುಷ್ ಇನ್ನೂ ನಾಜೂಕಾಗಿ ಬಂತು. ಲೊಚ್. ಗೋಡೆಯೆಲ್ಲ ಹುಡುಕಿದ, ಹಲ್ಲಿ ಇರಲಿಲ್ಲ. ಹೊಸದಾಗಿ ಒರೆಸಿದ್ದ, ಮಷೀನಿನ ಉದ್ದನೆಯ ಕಬ್ಬಿಣದ ಬೆಡ್ಡಿನ ಮೇಲೆ ಎಣ್ಣೆಯ ಕೈಗುರುತು ಮೂಡಿತ್ತು. ಕಿರುಬೆರಳು ಅರ್ಧವೇ ಇತ್ತು. ಅವನ ಕೈಯಲ್ಲಿ ಐದೂ ಬೆರಳು ನೆಟ್ಟಗಿದ್ದವು.

ವಾರ ಕಳೆಯಿತು. ಏನು ಮಾಡಿದರೂ ಬೆನ್ನ ಹಿಂದೆ ಲೊಚ್. ಹೆದರಿಕೆಗಿಂತ ಅವನಿಗೆ ಅವಮಾನವೇ ಹೆಚ್ಚಾಯಿತು. ಸತ್ತವನೂ ನನ್ನ ಕೆಲಸ ಹಂಗಿಸುತ್ತಾನಲ್ಲ!

ಒಂದು ಮುಂಜಾನೆ ರುಕ್ಮವ್ವ ಬಸ್ಸಿಳಿದು, ಕೇಳುತ್ತ ಕೇಳುತ್ತ ಮನೆಗೇ ಬಂದಳು.

“ನಮ್ಮ ಮನ್ಯಾಗ ಲೊಚಗುಡೂದು ನಿಂತೈತಿ. ಚಾವಿ ನೀ ಒಯ್ದೀಯೇನು?”

“ಇಲ್ರೀ ಅವ್ವಾ. ನಾ ಯಾಕ ಒಯ್ಲಿ?”

ಮುದುಕಿ ಅವನ ಮುಖವನ್ನೇ ನೋಡಿದಳು. “ಅಂವ ಎಲ್ಲಾರ ಕೈ ತಗೊಳ್ಳೂದಿಲ್ಲ. ಮಷೀನ್ ಮುಟ್ಟಿದವರಾಗ ಎಲ್ಲಾರಕಿಂತ ಛಲೋ ಕೈ ಒಂದ ಆರಸ್ತಾನ. ತಿಳೀತಿಲ್ಲೋ?”

ಅವಳು ಹೋದಳು. ಪ್ರಭುಲಿಂಗ ಕಟ್ಟೆಯ ಮೇಲೆ ಕೂತೇ ಇದ್ದ. ಹಾಳು ಹೊಟ್ಟೆಕಿಚ್ಚು ಎಷ್ಟು ಚುರುಕು ನೋಡಿ: ಮುದುಕಿ ತಿರುವು ದಾಟುವಷ್ಟರಲ್ಲಿ ಅದು ಅವನಿಗೆ ದಾರಿ ತೋರಿಸಿಬಿಟ್ಟಿತ್ತು. ಎಲ್ಲರಿಗಿಂತ ಛಲೋ ಕೈ. ಬನಹಟ್ಟಿಯಲ್ಲಿ ಅದು ಯಾರದೆಂದು ಯಾರನ್ನು ಕೇಳಿದರೂ ಹೇಳುತ್ತಿದ್ದರು.

ಯಮನಪ್ಪ ಕರೆದ ಕೂಡಲೇ ಬಂದ. ಸಿಟ್ಟಿಲ್ಲ, ಬಿಂಕವಿಲ್ಲ. “ಛಲೋ ಮಷೀನ್ ಹಿಡದೀಯೋ ತಮ್ಮಾ,” ಎಂದು ಬೆಡ್ ಸವರಿದ.

“ಕಟ್ ಸರಿ ಬರವಲ್ದು. ನಿಮ್ಮ ಕೈಲೆ ಒಂದು ಹಾಕಿ ನೋಡ್ರಿ ಅಣ್ಣಾರ.”

ಸುಡುವ ಮಧ್ಯಾಹ್ನ. ಝಳ ಬರುತ್ತದೆಂದು ಪ್ರಭುಲಿಂಗ ಬಾಗಿಲು ಮುಂದೆ ಮಾಡಿದ. ಹೊರಗೆ ಓಣಿಯ ಮಗ್ಗಗಳೆಲ್ಲ ಖಟಖಟ ಬಡಿಯುತ್ತಿದ್ದವು. ಯಮನಪ್ಪ ಕಟ್ ಹಾಕಿದ. ಕಬ್ಬಿಣದ ಸುರುಳಿ ಹೊಗೆಯಾಡುತ್ತ ಉದುರಿತು. ಪ್ರಭುಲಿಂಗ ಕಿವಿಗೊಟ್ಟ. ಸದ್ದಿಲ್ಲ. ಲೊಚ್ ಇಲ್ಲ. ಇವನ ಕೆಲಸಕ್ಕೆ ಸತ್ತವನೂ ತೆಪ್ಪಗಾದನೇ? ಅವನ ಹೊಟ್ಟೆಯಲ್ಲಿ ಬೆಂಕಿ ಎದ್ದಿತು.

ಕರೆಂಟ್ ಹೋಯಿತು.

ಇಡೀ ಓಣಿಯ ಮಗ್ಗಗಳು ಒಮ್ಮೆಲೇ ಸತ್ತವು. ಕೋಣೆಗೆ ಕತ್ತಲೆ ಸುರಿಯಿತು. ಬಾಗಿಲ ಸಂದಿಯಿಂದ ಒಂದೇ ಒಂದು ಗೆರೆ ಬೆಳಕು.

“ಇಳಸಿಬಿಡೂಣು,” ಎಂದು ಯಮನಪ್ಪ ಚಾವಿಯನ್ನು ಚಕ್ಕಿಗೆ ಹಾಕಿ ತಿರುಗಿಸಿದ. ಅದು ಅಲುಗಲಿಲ್ಲ. “ಭಾಳ ಬಿಗಿ ಐತಿ. ನೀನೂ ಕೈ ಹಚ್ಚು.”

ಪ್ರಭುಲಿಂಗ ಹಿಂದೆ ಸರಿದ.

“ಯಾಕೋ? ನಿನ್ನ ಮಷೀನಿಗೆ ನೀನ ಹೆದರ್ತೀಯೇನು?”

ಅವನಿಗೇಕೆ ಹೆದರಿಕೆ? ಛಲೋ ಕೈ ಅಲ್ಲೇ ಇದೆಯಲ್ಲ! ಮುಂದೆ ಬಂದ. ಚಾವಿಯ ಒಂದು ತುದಿಗೆ ಯಮನಪ್ಪನ ಕೈ. ಇನ್ನೊಂದು ತುದಿಗೆ ಅವನ ಬಲಗೈ.

ಲೊಚ್.

ಕಿವಿಯ ಪಕ್ಕದಲ್ಲೇ. ತಂಬಾಕಿನ ಬಿಸಿ ಉಸಿರು. ಸುಟ್ಟ ಕೂದಲು. ಯಮನಪ್ಪನ ಕೈ ಯಾರೋ ಕೊಡವಿದಂತೆ ಚಾವಿಯಿಂದ ಕಳಚಿ ಪಕ್ಕಕ್ಕೆ ಸರಿಯಿತು. ಪ್ರಭುಲಿಂಗ ಕೈ ಎಳೆದ. ಬರಲಿಲ್ಲ. ಅವನ ಕೈಮೇಲೆ ಇನ್ನೊಂದು ಕೈ. ತಣ್ಣಗೆ. ಒರಟು. ಅರ್ಧ ಕಿರುಬೆರಳು. ದಾರ ಮಣಿಕಟ್ಟಿಗೆ ಹತ್ತುತ್ತಿತ್ತು. ಒಂದು ಸುತ್ತು. ಎರಡು ಸುತ್ತು.

“ನಾ ಅಲ್ಲ!” ಎಂದು ಚೀರಿದ. “ಅಂವ! ಅವನ ಕೈ ತಗೋ!”

ಕರೆಂಟ್ ಇರಲಿಲ್ಲ. ಮೋಟಾರು ಸತ್ತಿತ್ತು. ಚಕ್ ತಿರುಗಿತು.

ಮೂರನೆಯ ದಿನ ಜಮಖಂಡಿಯ ಆಸ್ಪತ್ರೆಯಲ್ಲಿ ಅವನಿಗೆ ಪೂರಾ ಎಚ್ಚರವಾಯಿತು. ಬಲಗೈ ಮೊಣಕೈ ತನಕ ಮಾತ್ರ ಇತ್ತು. ನಂದಾ ತಲೆಯ ಬಳಿ ಕೂತು ಅಳುತ್ತಿದ್ದಳು. ಕಾಲ ಬಳಿ ಯಮನಪ್ಪ, ಹತ್ತೂ ಬೆರಳು ಇದ್ದವನು.

“ನೀ ಚೀರಿದ್ದು ಕೇಳಿಸ್ತು ನನಗ,” ಎಂದ ಯಮನಪ್ಪ. “ಅದಕ್ಕ ಸಿಟ್ಟಿಲ್ಲ. ನಂದೂ ತಪ್ಪೈತಿ. ಕೊನೀ ಕಟ್ ಹಾಕ್ತಿದ್ನಲ್ಲಾ, ಅದು ಸುಳ್ಳು. ಟೂಲ್ ಮುಟ್ಟಸ್ತಿದ್ದಿಲ್ಲ. ಸುಮ್ನ ಹಿಡಿಕಿ ಹೊಳ್ಳಸ್ತಿದ್ದೆ. ಮುಟ್ಟಿಸಿದ್ರ ನಿನ್ನ ಕೆಲಸ ಕೆಡ್ತಿತ್ತು. ನಿನ್ನಂಥಾ ಕೈ ನಾ ಕಂಡಿಲ್ಲ. ಹೊಟ್ಟಿ ಉರೀತಿತ್ತಪಾ ನನಗ.”

ಪ್ರಭುಲಿಂಗ ಸೂರು ನೋಡುತ್ತ ಮಲಗಿದ. ಹಾಗಾದರೆ ಆ ಲೊಚ್ ಹಂಗಿಸಿದ್ದಲ್ಲ. ಗಿರಮಲ್ಲಪ್ಪ ಹೊಟ್ಟೆ ಉರಿದು ಬಡಿದ ನಾಲಿಗೆ. ಎರಡು ವರ್ಷ ಅನ್ನ ಬಿಟ್ಟು ಕಾದ ಉತ್ತರ ಸಿಕ್ಕಿತ್ತು. ಅವನಿಗೆ ನಗು ಬಂತು, ಆಮೇಲೆ ಅಳು ಬಂತು.

“ನಿನಗ ಆರಾಮಾಗೂ ತನಕ ಮಷೀನ್ ನಾ ನಡಸ್ತೇನಿ,” ಎಂದ ಯಮನಪ್ಪ. “ದುಡದದ್ದು ನಿಮ್ಮ ಮನಿಗೇ ಬರ್ತೈತಿ. ಚಾವಿ ಎಲ್ಲೈತಿ?”

ನಂದಾ ಥಟ್ಟನೆ ಎದ್ದಳು. ತುಂಡಾದ ಕೈಯ ಮುಷ್ಟಿಯಿಂದ ಬಿಡಿಸಿ, ಆಸ್ಪತ್ರೆಯವರು ಕಾಗದದಲ್ಲಿ ಸುತ್ತಿಕೊಟ್ಟಿದ್ದ ಚಾವಿ ದಿಂಬಿನ ಪಕ್ಕದಲ್ಲಿತ್ತು. “ಬ್ಯಾಡ್ರೀ. ನಾ ಗಲಗಲಿಗೆ ಹೋಗಿ ಆ ಆಯಿಗೆ ಕೊಟ್ಟು ಬರ್ತೇನಿ,” ಎಂದಳು.

ಪ್ರಭುಲಿಂಗ ಯಮನಪ್ಪನ ಕೈಗಳನ್ನು ನೋಡಿದ. ಬಲಗೈ ನೋಡಿದ, ಎಡಗೈ ನೋಡಿದ. ಉದ್ದನೆಯ, ಗಟ್ಟಿಯಾದ, ಎಣ್ಣೆ ಕುಡಿದ ಬೆರಳುಗಳು. ಈಗ ಊರಿಗೆಲ್ಲ ಅವೇ ಛಲೋ ಕೈ. ಅದು ಅವನಿಗೆ ಗೊತ್ತಿತ್ತು. ಆ ಚಾವಿಗೂ ಗೊತ್ತಿತ್ತು.

ಉಳಿದ ಕೈಯಿಂದ ಚಾವಿ ಎತ್ತಿ ನೀಡಿದ. “ತಗೋರಿ ಅಣ್ಣಾರ.”

ಯಮನಪ್ಪ ಅದನ್ನು ಹಣೆಗೆ ಒತ್ತಿಕೊಂಡು ಹೊರಟ. ಅವನು ಬಾಗಿಲು ದಾಟುವಾಗ ಲೊಚ್ ಎಂದಿತು. ನಂದಾ ಹೌಹಾರಿ ಗೋಡೆ ನೋಡಿದಳು, ಸೂರು ನೋಡಿದಳು, ಕೊನೆಗೆ ಗಂಡನ ಬಾಯಿ ನೋಡಿದಳು.

ಆ ನಾಲಿಗೆ ಬಡಿದವನು ಪ್ರಭುಲಿಂಗನೇ.